ಬುದ್ಧಿವಾದಕ್ಕೂ ಮೊದಲು

ಆರೋಗ್ಯ ಕೇಂದ್ರದ ಹಿಂದಿನ ಕೋಣೆ
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ? ಫೋನ್ ಎತ್ತದವನನ್ನು ಕೇಳಿ ಕೇಳಿ ನನಗೂ ಸಾಕಾಗಿದೆ. ಕಳೆದ ವಾರ ನೀನು "ಎಲ್ಲಾ ಮುಗೀತು ಅಕ್ಕ" ಎಂದು ಫೋನ್ ಇಟ್ಟ ಮೇಲೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅಮ್ಮ ಮಾತ್ರ "ಮದುವೆ ಮಾಡಿದ್ರೆ ಸರಿಹೋಗ್ತಾನೆ" ಎಂದು ಹೆಣ್ಣು ಹುಡುಕುತ್ತಿದ್ದಾಳೆ.

ಇಲ್ಲಿನ ಕಥೆ ಕೇಳು. ದೂರದ ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರಿಗೆ ನಾನು ತರಬೇತಿ ಕೊಡಬೇಕು: ಬದುಕು ಬೇಡ ಎನ್ನುವವರು ಎದುರಾದರೆ ಏನು ಮಾಡಬೇಕೆಂದು. ಪಕ್ಕದಲ್ಲಿ ಕೂರಿ, ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ, ವೈದ್ಯರಿಗೆ ತಲುಪಿಸಿ. ಇಷ್ಟೇ ಪಾಠ. ಆಂಬುಲೆನ್ಸ್ ಡ್ರೈವರನ್ನು ರೋಗಿಯಾಗಿ ಸ್ಟೂಲಿನ ಮೇಲೆ ಕೂರಿಸಿದೆ. "ನಂಗೆ ಬದುಕೋಕೆ ಇಷ್ಟ ಇಲ್ಲ" ಎಂದು ಚೆನ್ನಾಗಿಯೇ ಹೇಳಿದ. ಮೊದಲನೆಯವಳು ತಕ್ಷಣ ತೋಳಿಗೆ ಬಿಪಿ ಪಟ್ಟಿ ಸುತ್ತಿ, "ನಾರ್ಮಲ್ ಇದೆ, ಮನೆಗೆ ಹೋಗಿ" ಎಂದಳು. ಇನ್ನೊಬ್ಬಳು "ಛೀ, ಬಿಡ್ತು ಅನ್ನಿ!" ಎಂದು ಗದರಿದಳು. ಹಿರಿಯ ಸೂಲಗಿತ್ತಿಯಮ್ಮ, "ನಿನ್ನ ಕಷ್ಟ ಒಂದು ಕಷ್ಟವೇನಪ್ಪಾ?" ಎಂದು ಶುರುಮಾಡಿ ತಮ್ಮ ಸೊಸೆಯ ಪುರಾಣವನ್ನೆಲ್ಲ ಹೇಳಿಕೊಂಡು ಅತ್ತರು. ಕೊನೆಗೆ ರೋಗಿಯೇ "ಅಳಬೇಡಿ ಅಮ್ಮಾ" ಎಂದು ಸಮಾಧಾನ ಮಾಡಬೇಕಾಯಿತು!

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಸಾಯ್ಬೇಕು ಅನ್ನಿಸ್ತಿದೆಯಾ ಅಂತ ಬಾಯಿ ಬಿಟ್ಟು ಕೇಳ್ರೀ! ಕೇಳಿದ್ರೆ ಯಾರೂ ಸಾಯಲ್ಲ!" ಎಂದು ಕೂಗಿದೆ. ಸೂಲಗಿತ್ತಿಯಮ್ಮ ಕಣ್ಣೊರೆಸಿಕೊಂಡು, "ಅಂಥ ಮಾತು ಬಾಯಿಗೆ ಬರಬೇಕಲ್ಲ ತಾಯಿ. ನಿಮ್ಮ ಮನೆಯವರನ್ನೇ ನೀವು ಹಾಗೆ ಕೇಳ್ತೀರಾ?" ಎಂದರು.

ಎಲ್ಲರಿಗೂ ಟೀ ಕುಡಿಯಲು ಹೇಳಿ ಇಲ್ಲಿ ಬಂದು ಕುಳಿತೆ. ಒಂದು ಪುಟ ತುಂಬುತ್ತ ಬಂತು, ಕೇಳಬೇಕಾದ್ದನ್ನು ಇನ್ನೂ ಕೇಳಿಲ್ಲ ನೋಡು. ಅಮ್ಮ ಹೊಸ ಹೊದಿಕೆ ಕಳಿಸಿದ್ದಾಳೆ. ಅವಳ ಆಶೀರ್ವಾದ, ಮಕ್ಕಳ ಮುತ್ತು, ನನ್ನ ಬೈಗುಳ, ಎಲ್ಲವೂ ನಿನಗೇ.

ನಿನ್ನ
ಅಕ್ಕ

ತಾ.ಕ.: ನಿನಗೆ ಸಾಯಬೇಕು ಅನ್ನಿಸುತ್ತಿದೆಯೇನೋ? ಹೌದಾದರೆ ಹೌದೆನ್ನು. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಸಂಜೆಯ ಬಸ್ಸಿಗೆ ನಾನು ಬರುತ್ತಿದ್ದೇನೆ, ವೈದ್ಯರ ಹತ್ತಿರ ಜೊತೆಯಲ್ಲೇ ಹೋಗೋಣ. ಅಲ್ಲಿಯವರೆಗೆ, ಈ ಪತ್ರವನ್ನು ಬಾಗಿಲ ಸಂದಿಯಿಂದ ತೂರಿಸಿದ ನಿನ್ನ ಭಾವ ಹೊರಗೆ ಮೆಟ್ಟಿಲ ಮೇಲೆಯೇ ಕುಳಿತಿರುತ್ತಾರೆ. ಅವರಿಗೆ ಮಾತು ಬರುವುದಿಲ್ಲ, ನಿನಗೆ ಗೊತ್ತಲ್ಲ; ಸುಮ್ಮನೆ ಪಕ್ಕದಲ್ಲಿ ಇರುತ್ತಾರೆ. ಬಾಗಿಲು ತೆಗೆಯೋ.