ಹಿಂದೆ ಬರುವ ವ್ಯಾನು

ಬರ್ಗಂಡಿ ಸೀಮೆ, ಫ್ರಾನ್ಸ್
14 ಜೂನ್ 2025

ಶಿರಗುಪ್ಪಿಯ ಶಿವಬಸವ್ವಕ್ಕನವರಿಗೆ ನಿಮ್ಮ ತಮ್ಮನ ಹೆಂಡತಿ ದಾಕ್ಷಾಯಿಣಿಯ ಶರಣು ಶರಣಾರ್ಥಿ.

ಹುಬ್ಬಳ್ಳಿ ಬಿಟ್ಟು ಹನ್ನೆರಡು ದಿನವಾಯಿತು. ಮುಟ್ಟಿದ ಕೂಡಲೇ ಬರೆಯುತ್ತೇನೆ ಎಂದು ಹೇಳಿ ಬಂದವಳು ಬರೆಯಲಿಲ್ಲ, ಸಿಟ್ಟಾಗಬೇಡಿ. ನಾಲ್ಕು ಸಲ ಕಾಗದ ತೆಗೆದು ಕುಳಿತೆ, ದಿನಾಂಕ ಬರೆದು ಎತ್ತಿಟ್ಟೆ. ನಿಮ್ಮ ಮೊಣಕಾಲು ಹೇಗಿದೆ? ಹೆಸರು ಬಿತ್ತಿ ಮುಗಿಯಿತೇ?

ನಾವಿಬ್ಬರೂ ಆರಾಮ ಇದ್ದೇವೆ. ನಿಮ್ಮ ತಮ್ಮನ ಸುದ್ದಿ ಬಂದರೆ ನೀವು ಮಾತು ಬೇರೆ ಕಡೆ ತಿರುಗಿಸುತ್ತೀರಿ, ಗೊತ್ತು. ಆದರೂ ಬರೆಯುತ್ತೇನೆ.

ಇದ್ದ ಊರೆಲ್ಲ ಬಿಟ್ಟು ಫ್ರಾನ್ಸಿಗೆ ಯಾಕೆ ಎಂದು ಕೇಳಿದ್ದಿರಿ. ತಿರುಗಾಡಲಿಕ್ಕೆ ಎಂದಷ್ಟೇ ಹೇಳಿದ್ದೆ. ಖರೇ ಅಂದರೆ ಇದು ನಮ್ಮ ಸುರಭಿ ಹಾಕಿದ್ದ ಯೋಚನೆ. ಪ್ರತಿ ಜುಲೈಯಲ್ಲಿ ಅಪ್ಪ, ಮಗಳು ಟಿವಿ ಮುಂದೆ ಕುಳಿತು ಇಲ್ಲಿಯ ದೊಡ್ಡ ಸೈಕಲ್ ಪಂದ್ಯ ನೋಡುತ್ತಿದ್ದರು. ತಾನು ರಾಜ್ಯ ತಂಡಕ್ಕೆ ಆಯ್ಕೆಯಾದ ವರ್ಷ ಅವಳು ನಕಾಶೆ ಹರವಿಕೊಂಡು, "ಅಪ್ಪ ವ್ಯಾನ್ ಹೊಡೀಲಿ, ನಾ ಮುಂದ ಸೈಕಲ್ ಹೊಡೀತೇನಿ. ಅವ್ವಾ, ನೀ ಒಳಗ ರೊಟ್ಟಿ ಬಡಿ," ಎಂದಿದ್ದಳು.

ಅದಾಗಿ ನಾಲ್ಕು ತಿಂಗಳಿಗೆ, ನವೆಂಬರಿನ ಒಂದು ಬೆಳಗ್ಗೆ, ಬೈಪಾಸ್ ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಲಾರಿ ಬಡಿದು ಹೋದಳು. ಹತ್ತೊಂಬತ್ತು ವರ್ಷ. ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತಿಲ್ಲ. ನನ್ನ ಕಾಯಿಲೆಯ ಎರಡು ವರ್ಷ ಅವಳು ನಿಮ್ಮ ಮಡಿಲಲ್ಲಿ ಬೆಳೆದವಳು. ಆದರೆ ಈ ಮೂರೂವರೆ ವರ್ಷದಲ್ಲಿ ನಾನು ಈ ಮಾತನ್ನು ಎಲ್ಲಿಯೂ ಬರೆದಿರಲಿಲ್ಲ. ಈಗ ಬರೆದೆ.

ಗೋಕುಲ ರಸ್ತೆಯ ನಮ್ಮ ವರ್ಕ್‌ಶಾಪನ್ನು ಲೇತ್ ನಡೆಸುವ ಕಲ್ಲೇಶನಿಗೆ ಒಪ್ಪಿಸಿ ಬಂದಿದ್ದೇವೆ. ಬಾಡಿಗೆ ವ್ಯಾನು ನಮ್ಮ ದೇವರಮನೆಗಿಂತ ತುಸು ದೊಡ್ಡದು. ಹಾಸಿಗೆ, ಗ್ಯಾಸಿನ ಒಲೆ ಎಲ್ಲ ಅದರಲ್ಲೇ. ಹಿಂದೆ ಎರಡು ಸೈಕಲ್ ಕಟ್ಟಿದ್ದಾರೆ. ಮೊದಲ ದಿನ ರೊಟ್ಟಿ ಸುಟ್ಟರೆ ಹೊಗೆಗೆ ಮೇಲಿನ ಯಂತ್ರವೊಂದು ಚೀರತೊಡಗಿತು. ಅಂದಿನಿಂದ ಹೊರಗೆ ಹುಲ್ಲಿನ ಮೇಲೆ ಕುಳಿತು ಬಡಿಯುತ್ತೇನೆ. ಪಕ್ಕದ ವ್ಯಾನಿನ ಮುದುಕಿ ಸಪ್ಪಳ ಕೇಳಿ, ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ ಎಂದು ನಗುತ್ತ ಹೊರಗೆ ಬಂದಳು. ಒಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ತಿಂದು ಕಣ್ಣಲ್ಲಿ ನೀರು ತಂದುಕೊಂಡಳು, ಖಾರಕ್ಕೆ. ಇವರು ನಕ್ಕರು. ನಗಬೇಕಾದ ಹೊತ್ತು ಎಂದು ನನಗೂ ತಿಳಿಯಿತು. ನಕ್ಕೆ.

ಊರು ಹೇಗಿದೆ ಎಂದು ಕೇಳುತ್ತೀರಿ. ಚಂದ ಇದೆ. ಗೋದಿಯ ಹೊಲಗಳು ಗುಡ್ಡ ಹತ್ತಿ ಇಳಿಯುತ್ತವೆ, ಬಿಳಿ ಆಕಳುಗಳು ಮೊಣಕಾಲೆತ್ತರದ ಹುಲ್ಲಿನಲ್ಲಿ ಮಲಗಿರುತ್ತವೆ. ಹಳ್ಳಿಗಳ ಹೆಸರು ಓದಲು ಬರುತ್ತದೆ, ಹೇಳಲು ಬರುವುದಿಲ್ಲ. ಚಂದ ಎಂದು ಕಣ್ಣಿಗೆ ಗೊತ್ತಾಗುತ್ತದೆ, ಅದು ಮುಂದಕ್ಕೆ ಹೋಗುವುದಿಲ್ಲ, ಕಣ್ಣಲ್ಲೇ ನಿಲ್ಲುತ್ತದೆ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ದವಡೆ ಇರುತ್ತದಲ್ಲ, ಹಾಗೆ.

ಸೈಕಲ್ ಹೊಡೆಯುವವಳು ನಾನು. ಹೈಸ್ಕೂಲಿಗೆ ಹೋಗುವಾಗ ಹೊಡೆದದ್ದು, ಕಾಲು ಮರೆತಿರಲಿಲ್ಲ. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರು, ಯಾವ ಅವಸರವೂ ಇಲ್ಲದೆ. ಇವರು ನನ್ನ ಹಿಂದೆ ನಾಲ್ಕು ಮಾರು ಬಿಟ್ಟು, ದೀಪ ಮಿಣುಕಿಸುತ್ತ ವ್ಯಾನು ತರುತ್ತಿದ್ದರು. ಸುರಭಿ ಹೋದ ದಿನದಿಂದ ಇವರು ಸೈಕಲ್ ಮುಟ್ಟಿರಲಿಲ್ಲ. ಎರಡನೆಯದು ಕಟ್ಟಿದಲ್ಲೇ ಇತ್ತು. ವ್ಯಾನಿನ ಹಿಂದೆ ಕಾರುಗಳು ಸಾಲುಗಟ್ಟುತ್ತಿದ್ದವು. ಒಮ್ಮೆ ಒಬ್ಬ ರೈತ ಟ್ರ್ಯಾಕ್ಟರ್ ನಿಲ್ಲಿಸಿ ಇವರಿಗೆ ಏನೋ ಕೇಳಿದ. ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ನನ್ನ ಹೇಣ್ತಿ ಅದಾಳ್ರಿ ಮುಂದ, ಒಬ್ಬಾಕಿನ ಬಿಡಾಂಗಿಲ್ಲ," ಎಂದು ಕನ್ನಡದಲ್ಲೇ ಹೇಳಿದರು. ರೈತ ತಲೆಯಾಡಿಸಿ ಹೋದ.

ಮೊನ್ನೆ ಇಬ್ಬರು ಪೊಲೀಸರು ವ್ಯಾನು ನಿಲ್ಲಿಸಿದರು. ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ತೋರಿಸಿದರು: ಹೀಗೆ ನಿಧಾನ ಹಿಂಬಾಲಿಸುವುದು ಅಪಾಯ. ಸೈಕಲ್ಲಿಗೆ ಕಾಲುವೆ ದಂಡೆಯ ದಾರಿ ಇದೆ, ಅಲ್ಲಿ ವ್ಯಾನು ಬಿಡುವುದಿಲ್ಲ. ಮುಂದಿನ ಊರಿನ ಸೇತುವೆಯ ಬಳಿ ಕಾಯಿರಿ. ಎಂಟು ಕಿಲೋಮೀಟರು.

"ಸೈಕಲ್ ಹಿಂದ ಕಟ್ಟೂಣು. ನೀ ವ್ಯಾನ್ಯಾಗ ಕೂಡು," ಎಂದರು ಇವರು.

"ಇಲ್ರಿ, ನಾ ಹೋಗ್ತೇನಿ."

"ಒಬ್ಬಾಕಿನಾ?"

"ಹೂಂ. ಒಬ್ಬಾಕಿನ."

ಯಾಕೆ ಹಾಗೆಂದೆನೋ. ಇವರ ಮುಖ ನೋಡದೆ ದಂಡೆಗೆ ಇಳಿದೆ.

ಸಪಾಟು ದಾರಿ, ಎರಡೂ ಬದಿ ಮರ, ನಿಂತಂತಿರುವ ನೀರು. ಮೂರು ಕಿಲೋಮೀಟರು ಹೋಗಿರಬೇಕು, ಬುಟ್ಟಿಯಲ್ಲಿದ್ದ ಫೋನು ಬಾರಿಸಿತು. ಇವರದು. ಇಳಿದೆ. ಒಂದು ಕಲ್ಲಿನ ಮೇಲೆ ಕುಳಿತು ಅದನ್ನೇ ನೋಡಿದೆ. ನಿಂತಿತು, ಮತ್ತೆ ಬಾರಿಸಿತು. ಎತ್ತಬೇಕು ಎಂದು ಗೊತ್ತಿತ್ತು, ಕೈ ಹೋಗಲಿಲ್ಲ. ಹದಿನೇಳು ಸಲ ಬಾರಿಸಿತ್ತು ಎಂದು ಆಮೇಲೆ ನೋಡಿದೆ.

ಒಂದು ತಾಸಿನ ಮೇಲೆ ಇವರು ಬಂದರು, ಸೈಕಲ್ ಮೇಲೆ. ಸೀಟು ಕೆಳಗಿದ್ದು ಮೊಣಕಾಲು ಎದೆಗೆ ಬಡಿಯುತ್ತಿದ್ದವು. ಕನ್ನಡಕ ಎಲ್ಲಿಯೋ ಬಿದ್ದುಹೋಗಿತ್ತು, ಅದರ ಖಬರೇ ಇರಲಿಲ್ಲ. ಸೈಕಲ್ ಅಲ್ಲೇ ಕೈಬಿಟ್ಟು ಬಂದು ನನ್ನ ತಲೆ, ಭುಜ, ಎರಡೂ ಕೈ ಮುಟ್ಟಿ ನೋಡಿದರು.

"ಎಲ್ಲೆ ಬಡದೈತಿ?"

"ಎಲ್ಲೂ ಇಲ್ರಿ."

"ಮತ್ತ ಫೋನ್ ಯಾಕ ಎತ್ತಲಿಲ್ಲ?"

ಇವರು ನನ್ನ ಪಕ್ಕ ಕುಸಿದು ಕುಳಿತು ಅತ್ತರು. ಮಣ್ಣು ಮಾಡಿದ ದಿನವೂ ಅಳದವರು, ಬಾಯಿ ಮುಚ್ಚಿಕೊಳ್ಳದೆ ಅತ್ತರು. ನಾನು ಬೆನ್ನ ಮೇಲೆ ಕೈ ಇಟ್ಟೆ. ನನಗೆ ಅಳು ಬರಲಿಲ್ಲ. ಕೈಯ ಕೆಳಗೆ ಅವರ ಅಂಗಿ ಒದ್ದೆಯಾಗಿದ್ದದ್ದಷ್ಟೇ ತಿಳಿಯಿತು.

ಆಮೇಲೆ ಇಬ್ಬರೂ ಕನ್ನಡಕ ಹುಡುಕುತ್ತ ನಡೆದೆವು. ಹುಲ್ಲಿನಲ್ಲಿ ಸಿಕ್ಕಿತು, ಒಂದು ಗಾಜು ಸೀಳಿದೆ. ನಿನ್ನೆಯಿಂದ ಇವರೂ ಸೈಕಲ್ ಹೊಡೆಯುತ್ತಿದ್ದಾರೆ. ವ್ಯಾನನ್ನು ಒಂದು ಕಡೆ ನಿಲ್ಲಿಸಿ ಇಬ್ಬರೂ ದಂಡೆಗುಂಟ ಹೋಗಿ ಬರುತ್ತೇವೆ. ಮುಂದೆ ಹೋಗಿರಿ ಎಂದರೆ ಒಲ್ಲರು.

ನಿಮ್ಮ ಮಗ ಬಸವಕಿರಣನಿಗೆ ಆಶೀರ್ವಾದ. ಅವನ ಕೂಸಿನ ಜಾವಳಕ್ಕೆ ನಾವು ಇರಲಿಲ್ಲ. ಕೂಸು ನೂರು ವರ್ಷ ಬಾಳಲಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೆ ಇರಲಿ ಎಂದು ಬರೆಯುತ್ತಿದ್ದೇನೆ. ಇಬ್ಬರ ಮೇಲೂ.

ನಿಮ್ಮ
ದಾಕ್ಷಾಯಿಣಿ

ತಾ. ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ನವೆಂಬರಿನ ಆ ಬೆಳಗ್ಗೆ ಇವರು ಚಹಾ ಕುಡಿಯಲು ನಿಂತಿರಲಿಲ್ಲ. ದಿನದಂತೆ ಕಾರಿನಲ್ಲಿ ಸುರಭಿಯ ಹಿಂದೆಯೇ ಇದ್ದರು. ಎಂಟು ದಿನದ ಮೇಲೆ ನಳಕ್ಕೆ ನೀರು ಬಂದಿತ್ತು, ಎತ್ತುವ ಮೋಟರ್ ಚಾಲೂ ಆಗಲಿಲ್ಲ. ನಾನೇ ಫೋನ್ ಮಾಡಿ, "ನೀರು ಹೋಗಿಬಿಡ್ತಾವ, ಲಗೂ ಬರ್ರಿ, ಆಕಿ ಬರ್ತಾಳ ತನ್ನಷ್ಟಕ್ಕ," ಎಂದೆ. ಇವರು ತಿರುಗಿ ಬಂದು ಮೋಟರ್ ಬಿಚ್ಚುತ್ತಿದ್ದಾಗ ಸುದ್ದಿ ಬಂತು. ಪೊಲೀಸರಿಗೂ ನಿಮಗೂ ಚಹಾಕ್ಕೆ ನಿಂತಿದ್ದೆ ಎಂದು ಹೇಳಿದ್ದು ಇವರೇ ಕಟ್ಟಿದ ಸುಳ್ಳು. "ಒಂದು ಕಪ್ ಚಹಾದ ಸಲುವಾಗಿ ನನ್ನ ಕೂಸಿನ್ನ ಬಿಟ್ಟು ಬಂದ್ಯಾ?" ಎಂದು ನೀವು ಇವರ ಎದೆಗೆ ಗುದ್ದಿದಾಗ ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಮೂರೂವರೆ ವರ್ಷ ಬಿಡಲಿಲ್ಲ.

ಮೊನ್ನೆ ಕಾಲುವೆ ದಂಡೆಯಲ್ಲಿ, "ಅಕ್ಕಾರಿಗೆ ಹೇಳಿಬಿಡ್ತೇನ್ರಿ," ಎಂದೆ. "ಬ್ಯಾಡ. ನನಗ ರೂಢಿ ಆಗೇತಿ. ನಿನಗ ತಡ್ಯೂದಾಗೂದಿಲ್ಲ," ಎಂದರು. ಈ ಕಾಗದ ಬರೆದದ್ದು ಇವರಿಗೆ ಗೊತ್ತಿಲ್ಲ.

ನಾವು ಜುಲೈ ಮೂರಕ್ಕೆ ಹುಬ್ಬಳ್ಳಿಗೆ ಬರುತ್ತೇವೆ. ಹೊಲ ನೋಡುವ ನೆಪ ಮಾಡಿಕೊಂಡು ಇವರು ನಿಮ್ಮ ಮನೆಗೆ ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತು ಹೋಗುತ್ತಾರಲ್ಲ, ಈ ಸಲ ಒಳಗೆ ಕರೆಯಿರಿ. ನನ್ನನ್ನು ಕರೆಯಬೇಕೆಂದಿಲ್ಲ.