ಬೆಟ್ಟದ ಮೇಲೆ ಕಂಡ ಮೂವರು

ಪ್ರೀತಿಯ ಅಪ್ಪನಿಗೆ, ಯೂಫ್ರೆಟಿಸ್ ದಂಡೆಯ ಕೋಟೆಯಿಂದ ತೆಮಾರ್ಸಾಳ ನಮಸ್ಕಾರ.

ಒಂಟೆಯವರ ಜೊತೆ ಮಗಳು ಸಲಾಮ್ಸಾಳನ್ನು ಕಳಿಸುತ್ತಿದ್ದೇನೆ. ಅವಳಿಗೆ ಕೆಮ್ಮಿದೆ, ಬಿಸಿನೀರಿಗೆ ಜೇನು ಹಾಕಿ ಕೊಡು.

ನಾವು ಪ್ರಾರ್ಥನೆಗೆ ಸೇರುವ ಸಭೆಮನೆಯ ಗೋಡೆಗೆ ನಾನು ಬರೆಯುತ್ತಿದ್ದ ಚಿತ್ರ ಮುಗಿಯಿತು. ಯೇಸು ಮೂವರು ಶಿಷ್ಯರನ್ನು ಬೆಟ್ಟಕ್ಕೆ ಕರೆದೊಯ್ದಾಗ ಅವನ ಮುಖ ಸೂರ್ಯನಂತೆ ಹೊಳೆಯಿತಲ್ಲ, ಆ ಕಥೆ. ಮುಖಕ್ಕೆಂದು ಹಳದಿ ಕಲಸುತ್ತಿದ್ದೆ. ನಮ್ಮ ಹಿರಿಯ ಬರ್ಸೀಮರು ತಡೆದರು.

"ಬೇಡ ಕಣೇ. ಅವನು ಯಾವಾಗ್ಲೂ ಹಂಗೇ ಹೊಳೀತಿದ್ದ. ಅವತ್ತು ಬದಲಾಗಿದ್ದು ಈ ಶಿಷ್ಯರ ಕಣ್ಣು."

ಹಾಗಾಗಿ ಯೇಸುವನ್ನು ನಮ್ಮ ಬೀದಿಯವನಂತೆಯೇ ಬರೆದು, ಬೆಳಕನ್ನೆಲ್ಲ ಆ ಮೂವರ ಕಣ್ಣಿಗಿಟ್ಟೆ.

ನಿನ್ನೆ ಕೋಟೆ ಕಾಯುವ ದಳದ ನಾಯಕ ಬಂದ. ಪರ್ಷಿಯದವರು ಕೋಟೆಗೋಡೆ ಒಡೆಯದಂತೆ, ಅದಕ್ಕೆ ತಾಗಿದ ಮನೆಗಳಿಗೆಲ್ಲ, ನಮ್ಮ ಸಭೆಮನೆಗೂ, ಮಣ್ಣು ತುಂಬಬೇಕಂತೆ. ಚಿತ್ರದ ಮುಂದೆ ಬಹಳ ಹೊತ್ತು ನಿಂತ.

"ಇವರ್ಯಾಕಮ್ಮ ಇಷ್ಟು ಹೆದರವ್ರೆ?"

"ಹೆದರಿಲ್ಲಪ್ಪ, ಅವರಿಗೆ ಕಾಣ್ತಾ ಇದೆ" ಎಂದರು ಬರ್ಸೀಮರು.

"ನಂಗೂ ಕಾಣ್ತು ತಾತ. ಬುರುಜು ಹತ್ತಿ ನೋಡ್ದೆ. ಕಣ್ಣು ಹಾಯೋವರ್ಗೂ ಪರ್ಷಿಯದವರ ಡೇರೆಗಳೇ. ನನ್ನ ಮುಖಾನೂ ಹಿಂಗೇ ಆಗಿತ್ತೇನೋ."

ಇವತ್ತು ಹೆಂಗಸರೆಲ್ಲ ಮಣ್ಣು ಹೊತ್ತೆವು. ಚಿತ್ರದ ಶಿಷ್ಯರು ಎದೆಮಟ್ಟ ಮುಚ್ಚಿಹೋಗಿದ್ದಾರೆ. ಮಣ್ಣು ಹೊರಬಲ್ಲವರನ್ನು ಯಾರನ್ನೂ ಹೊರಗೆ ಬಿಡುತ್ತಿಲ್ಲ. ಮಕ್ಕಳನ್ನು ಮಾತ್ರ ಬಿಡುತ್ತಾರೆ. ನಾಳೆ ಕೋಟೆ ಬಾಗಿಲು ಹಾಕುತ್ತಾರಂತೆ.

ನೀನು ಇತ್ತ ಬರಬೇಡ. ಸಲಾಮ್ಸಾ ಎಷ್ಟು ಅತ್ತರೂ ಕರೆತರಬೇಡ. ನಾನು ಬೇಗ ಬರುತ್ತೇನೆಂದು ಅವಳಿಗೆ ಹೇಳಿದ್ದೇನೆ. ನೀನು ಹಾಗೆ ಹೇಳಬೇಡ, ಅಪ್ಪ.

ನಿನ್ನ ಮಗಳು,
ತೆಮಾರ್ಸಾ