ಕುಂಕುಮ ಹತ್ತಿದ ಗಡಿ ಗುರುತು

ಗೆರೆ ಎಳೆದು ಮರೆತ ಮಾನ್ಯ ಅಧಿಕಾರಿಗಳೇ,

ಕಂಪ್ಲಿ ದಾರಿಯ ನಮ್ಮ ಬಡಾವಣೆಯ ಬಂಡೆಯ ಮೇಲೆ ತಾವು ಬಳಿಸಿದ ಕೆಂಪು ಗುರುತು ತಪ್ಪು. ತಪ್ಪೆಂದು ತಮ್ಮ ಸರ್ವೇಯರರೇ ಒಪ್ಪಿದ್ದಾರೆ. ಆದರೂ ಆ ಗುರುತಿನಾಚೆ ಸ್ಮಾರಕಗಳ ಸಂರಕ್ಷಿತ ಪ್ರದೇಶ, ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ ಎಂಬ ತಮ್ಮ ಆದೇಶ ಹಾಗೇ ಇದೆ. ಆಚೆ ಇರುವುದು ಹುಲುಗಮ್ಮನವರ ನಿವೇಶನ. ತಮ್ಮ ಕಚೇರಿಯ ಒಪ್ಪಿಗೆ ನೋಡಿಯೇ ಅದನ್ನು ಕೊಡಿಸಿದವನು ನಾನು.

ನಾನು ಹೊಸಪೇಟೆಯ ರಿಯಲ್ ಎಸ್ಟೇಟ್ ಏಜೆಂಟ್. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿ, ಮೇಷ್ಟ್ರಾಗಲು ಕಾದು ಕಾದು, ಕೊನೆಗೆ ಮಧ್ಯವರ್ತಿಯಾದವನು. ಕೊಂಡವರಿಗೆ ನಾನು ಕಳ್ಳ, ಕೊಟ್ಟವರಿಗೆ ನಾನು ಸುಳ್ಳ. ನಡುವೆ ಬಿಸಿಲಲ್ಲಿ ಬೈಕು ತಳ್ಳುವವನೂ ನಾನೇ. ಹೊರಗಿನಿಂದ ಬಂದವರಿಗೆ ಮನೆಯಿಂದ ಗುಡ್ಡ ಕಾಣಬೇಕು. ದೋಣಿಮಲೈ ಗಣಿಯಲ್ಲಿ ದುಡಿದು ನಿವೃತ್ತರಾದವರಿಗೆ ಗುಡ್ಡ ಕಾಣಲೇಬಾರದು. ಇದೆಲ್ಲ ಸಹಿಸಿದೆ. ವಾಸ್ತು ನೋಡಲು ದಿಕ್ಸೂಚಿಯಿದೆ. ತಮ್ಮ ಗಡಿ ಯಾವಾಗ ಯಾವ ದಿಕ್ಕಿಗೆ ಸರಿದೀತೆಂದು ಹೇಳುವ ಯಂತ್ರ ಎಲ್ಲಿ ಸಿಗುತ್ತದೆ?

ಹುಲುಗಮ್ಮ ತೋರಣಗಲ್ಲಿನ ಒಂದು ಕ್ಯಾಂಟೀನಿನಲ್ಲಿ ಗುತ್ತಿಗೆ ಮೇಲೆ ರೊಟ್ಟಿ ಬಡಿಯುವವರು. ಬಾಡಿಗೆ ಮನೆ ಬಿಟ್ಟು, ಬಾಗಿಲ ಚೌಕಟ್ಟು ನಿಲ್ಲಿಸಿ ಪೂಜೆ ಮಾಡಿಸಿದ ಮರುದಿನ ತಮ್ಮ ಆದೇಶ ಬಂತು. ಗೋಡೆಯಿಲ್ಲದ ಆ ಚೌಕಟ್ಟಿನ ಹಿಂದೆ ತಗಡು ಹೊದಿಸಿಕೊಂಡು ಮಗಳು ಅನುಸೂಯಾಳೊಂದಿಗೆ ಇದ್ದಾರೆ. ಮಳೆಗಾಲಕ್ಕೆ ಮುಂಚೆ ತೆರವು ಮಾಡಬೇಕೆಂಬ ನೋಟಿಸನ್ನು ಆ ಚೌಕಟ್ಟಿಗೇ ಅಂಟಿಸಿದ್ದೀರಿ. ಗೋಡೆಗೆ ಸಿಗದ ಜಾಗ ನೋಟಿಸಿಗಾದರೂ ಸಿಕ್ಕಿತಲ್ಲ!

ಅಳತೆಯನ್ನು ಬೇರೆ ಕಲ್ಲಿನಿಂದ ಶುರು ಮಾಡಿ ಎಡವಟ್ಟಾಯಿತೆಂದು ಸರ್ವೇಯರ್ ತಿದ್ದಲು ಬಂದರು. ಹಳೆಯ ಗುರುತು ಅಳಿಸದೆ ಹೊಸದು ಹಾಕಬಾರದೆಂಬುದು ತಮ್ಮ ನಿಯಮ. ಅಷ್ಟರಲ್ಲಿ ಕೆಂಪನ್ನು ಕುಂಕುಮವೆಂದುಕೊಂಡ ದಾರಿಹೋಕರು ಯಾರೋ ಅರಿಶಿನ ಹಚ್ಚಿದ್ದರು, ಯಾರೋ ಬಳೆ ಇಟ್ಟಿದ್ದರು. ಗುರುತಿನಲ್ಲಿದ್ದ ತಮ್ಮ ಬಾಣ ಮೂಗಾಗಿ, ಎರಡು ಅಂಕಿ ಕಣ್ಣಾಗಿ, ಸರ್ಕಾರಿ ಬಣ್ಣ ಅಮ್ಮನಾಗಿತ್ತು. ಸರ್ವೇಯರ್ ಚಪ್ಪಲಿ ಬಿಟ್ಟರು, ಕೈಮುಗಿದರು, ಟೇಪು ಸುತ್ತಿಕೊಂಡರು.

“ಸಾಹೇಬ್ರ, ಅಳತಿ?” ಎಂದೆ.

“ನನಗೂ ಹೆಂಡ್ರು ಮಕ್ಳು ಅದಾರ್ರೀ. ನೀವ ಒರೆಸ್ರಿ, ನಾ ಆಮ್ಯಾಲೆ ಬರ್ತೀನಿ.”

ಬೇರೆ ದಾರಿ ಕಾಣದೆ ಬಕೆಟ್ಟು, ಬಣ್ಣ ಕರಗಿಸುವ ಥಿನ್ನರ್ ಹಿಡಿದು ನಾನೇ ಹೋದೆ. ಹುಲುಗಮ್ಮ ಓಡಿ ಬಂದು ಕೈ ಹಿಡಿದರು.

“ಅಣ್ಣಾರ, ಏನ್ ಮಾಡಾಕತ್ತೀರಿ? ಮನಿ ಆಗ್ಲಿ ಅಂತ ಶುಕ್ರವಾರಕ್ಕೊಮ್ಮೆ ಆಕಿಗೇ ಕಾಯಿ ಒಡೀತೀನಿ!”

“ಅಕ್ಕಾ, ನಿಮ್ಮ ಮನಿ ತಡ್ದಾಕೀನ ಆಕಿ!”

“ಹಂಗ ಅನಬ್ಯಾಡ್ರಿ. ನೋಟಿಸ್ ಕೊಟ್ಟೋರು ಒಬ್ರರ ತಿರುಗಿ ನೋಡ್ಯಾರನ? ಆಕಿ ನಮ್ಮ ಮುಂದ ಕುಂತಾಳ.”

ಬಕೆಟ್ಟು ಎತ್ತಿಕೊಂಡು ಬಂದೆ. ಆಕೆಯ ಮಾತಿಗೆ ತಮ್ಮಲ್ಲಿ ಉತ್ತರವಿದೆಯೇ?

ಮಾನ್ಯರೇ, ಅಳಿಸುವ ಪಾಪ ತಮಗೂ ಬೇಡ, ಅಳಿಸಿದವನೆಂಬ ಶಾಪ ನನಗೂ ಬೇಡ. ‘ಈ ಬಂಡೆ ಗಡಿಯಲ್ಲ’ ಎಂದು ಒಂದು ಸಾಲು ಬರೆದು ಸಹಿ ಹಾಕಿ. ಅಮ್ಮ ಇದ್ದಲ್ಲೇ ಇರಲಿ, ಗಡಿ ಇರಬೇಕಾದಲ್ಲಿಗೆ ಹೋಗಲಿ. ಮೋಡ ಆಗಲೇ ಸಂಡೂರಿನ ಗುಡ್ಡ ದಾಟಿದೆ. ಜೆಸಿಬಿ ಮೊದಲು ಬಂದರೆ ಆ ತಾಯಿ ಮಗಳ ಪಕ್ಕ ನಾನೂ ಅಡ್ಡ ಕೂರುವೆ. ಬಂಡೆಗೆ ಕೈಮುಗಿದ ತಮ್ಮವರೇ ನಮ್ಮನ್ನು ಕೈಹಿಡಿದು ಎಳೆಯುತ್ತಾರೆಂದು ಗೊತ್ತಿದ್ದೂ ಕೂರುವೆ. ಅದಕ್ಕೆ ಮುಂಚೆ ಬನ್ನಿ. ಹೊಸ ಗುರುತಿಗೆ ಮಾತ್ರ ಕೆಂಪು ಬೇಡ. ಹಳದಿಯೂ ಬೇಡ.

ಇಂತಿ,
ಊರಿಗೆಲ್ಲ ಜಾಗ ತೋರಿಸಿ, ಹುಲುಗಮ್ಮನಿಗೆ ಮುಖ ತೋರಿಸಲಾರದ
ಸಿದ್ದಲಿಂಗೇಶ್, ಹೊಸಪೇಟೆ